ಶೇಂಗಾ ನಾಡಿನ ಬಾಣಲೆಯಲ್ಲಿ ತಾಳೆ ಎಣ್ಣೆ: ಒಂದು ಚಕ್ಕಲಿ ಘಟಕದ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಅಲ್ಲಿ ಆರು ಜನ ಹೆಂಗಸರ ಒಂದು ಸ್ವಸಹಾಯ ಸಂಘ. ಹನ್ನೆರಡು ವರ್ಷದಿಂದ ಚಕ್ಕಲಿ, ಕೋಡುಬಳೆ, ನಿಪ್ಪಟ್ಟು, ಖಾರದ ಮಿಕ್ಸ್ಚರ್ ಮಾಡಿ ಸುತ್ತಮುತ್ತಲಿನ ಅಂಗಡಿಗಳಿಗೆ ಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಅವರು ನನ್ನನ್ನು ಕರೆದರು. ಆಹಾರ ಸಂಸ್ಕರಣೆಯ ತರಬೇತಿ ಕೊಡುವುದು ನನ್ನ ಕೆಲಸ. ಮುಂದಿನ ಎರಡು ವರ್ಷ ಈ ಸಂಘದ ಜೊತೆ ಓಡಾಡಿದೆ. ತಾಳೆ ಎಣ್ಣೆ ಬಿಡಬೇಕು ಅಂತ ಹೊರಟವರು ಎಲ್ಲಿ ಎಡವಿದರು, ಎಲ್ಲಿ ದಾರಿ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇಂಥದೇ ಘಟಕ ನಡೆಸುವವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ.

ಊರು, ಸಂಘ, ಸದಸ್ಯರು ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಸಂಘ ನಡೆಸುವವರನ್ನು ದೊಡ್ಡಕ್ಕ ಅಂತಲೂ, ಲೆಕ್ಕ ಬರೆಯುವವರನ್ನು ಲೆಕ್ಕದಕ್ಕ ಅಂತಲೂ ಕರೆಯುತ್ತೇನೆ.

ಎಣ್ಣೆ ಬದಲಾದ ಊರು

ಇದು ಶೇಂಗಾ ಬೆಳೆಯುವ ಸೀಮೆ. ಹತ್ತಿರದ ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರೇ ಇತ್ತು. ದೊಡ್ಡಕ್ಕನ ಅತ್ತೆ ಹಬ್ಬಕ್ಕೆ ಚಕ್ಕಲಿ ಕರಿಯುತ್ತಿದ್ದದ್ದು ಗಾಣದ ಎಣ್ಣೆಯಲ್ಲಿ. ಆದರೆ ಸಂಘ ಶುರುವಾದ ಮೊದಲ ದಿನದಿಂದಲೂ ಇವರ ಬಾಣಲೆಯಲ್ಲಿ ಕಾದದ್ದು ಪಾಮೋಲಿನ್. ಅಂದರೆ ತಾಳೆ ಎಣ್ಣೆಯ ತೆಳುವಾದ ಭಾಗ.

ಇದು ಇವರೊಬ್ಬರ ಆಯ್ಕೆ ಆಗಿರಲಿಲ್ಲ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಶುರು ಮಾಡಿದಾಗ ದೇಶದ ಎಣ್ಣೆಕಾಳು ಬೆಳೆ ಚೆನ್ನಾಗಿ ಏರಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಆಗ ಶೇ. 65 ಇದ್ದ ಸುಂಕ 1998ರ ಹೊತ್ತಿಗೆ ಶೇ. 15ಕ್ಕೆ ಇಳಿಯಿತು. ಅಷ್ಟು ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲಲಿಲ್ಲ. ಒಂದು ಕಾಲಕ್ಕೆ ಪಡಿತರ ಅಂಗಡಿಯಲ್ಲೂ ತಾಳೆ ಎಣ್ಣೆ ಸಿಗುತ್ತಿತ್ತು. ಇವತ್ತು ಪ್ರಪಂಚದಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. 2022-23ರ ಎಣ್ಣೆ ವರ್ಷದಲ್ಲಿ (ನವೆಂಬರ್‌ನಿಂದ ಅಕ್ಟೋಬರ್‌ವರೆಗೆ) ಸುಮಾರು 98 ಲಕ್ಷ ಟನ್ ಬಂತು. ಅದರಲ್ಲಿ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದ್ದು.

ಸಂಘಕ್ಕೆ ಬರುತ್ತಿದ್ದದ್ದು 15 ಕಿಲೋ ಟಿನ್. ನಾನು ಹೋದಾಗ ಟಿನ್ನಿಗೆ 1,450 ರೂಪಾಯಿ ಆಸುಪಾಸು. ದಿನಕ್ಕೆ 30 ಕಿಲೋ ತಿಂಡಿ. ತಿಂಗಳಿಗೆ ಹದಿನೈದು ಟಿನ್.

ಮುರುಕಲು ತಿನ್ನುವವರು

ಕರೆದದ್ದು ವ್ಯಾಪಾರದ ಕಾರಣಕ್ಕಲ್ಲ. ಊರಿನಲ್ಲಿ ಒಂದು ಆರೋಗ್ಯ ಶಿಬಿರ ಆಗಿತ್ತು. ಆರು ಜನರಲ್ಲಿ ಮೂವರಿಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಬಂತು. ಅವರಲ್ಲಿ ಒಬ್ಬರಿಗೆ ಇನ್ನೂ 38 ವರ್ಷ. ಎಣ್ಣೆ ಪದಾರ್ಥ ಬಿಡಿ ಅಂತ ವೈದ್ಯರು ಹೇಳಿದರು. ಆಕೆ ಮನೆಗೆ ಬಂದು ದೊಡ್ಡಕ್ಕನ ಮುಂದೆ ಅತ್ತರಂತೆ. "ನಾವು ದಿನಾ ಬೆಳಿಗ್ಗೆ ಏನು ತಿಂತೀವಿ ಹೇಳಿ ಅಕ್ಕ?"

ಉತ್ತರ ನನಗೆ ಮೊದಲ ದಿನವೇ ಕಣ್ಣಿಗೆ ಬಿತ್ತು. ಒಲೆಯ ಪಕ್ಕ ಒಂದು ದೊಡ್ಡ ಡಬರಿ. ಮುರಿದ ಚಕ್ಕಲಿ, ಸುರುಳಿ ಬಿಚ್ಚಿದ್ದು, ಅಂಚು ಕೆಂಪಾದದ್ದು ಎಲ್ಲ ಅದರೊಳಗೆ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬರುವ ಹೆಂಗಸರು ಟೀ ಜೊತೆ ಅದನ್ನೇ ತಿನ್ನುತ್ತಿದ್ದರು. ತಿಂಡಿ ಮಾಡಿಕೊಳ್ಳಲು ಪುರುಸೊತ್ತೆಲ್ಲಿ? ಉಳಿದದ್ದು ಮಕ್ಕಳಿಗೆ ಮನೆಗೆ ಹೋಗುತ್ತಿತ್ತು.

ಅಲ್ಲೇ ಕೂತು ಲೆಕ್ಕ ಹಾಕಿದೆವು. 100 ಗ್ರಾಂ ಚಕ್ಕಲಿಯಲ್ಲಿ ಸುಮಾರು 30 ಗ್ರಾಂ ಎಣ್ಣೆ ಇರುತ್ತದೆ. ಪಾಮೋಲಿನ್‌ನಲ್ಲಿ ಶೇ. 40ರಷ್ಟು ಸ್ಯಾಚುರೇಟೆಡ್ ಕೊಬ್ಬು, ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಅಂದರೆ 12 ಗ್ರಾಂ. ದಿನಕ್ಕೆ 2,000 ಕ್ಯಾಲರಿ ತಿನ್ನುವವರು ಇಂಥ ಕೊಬ್ಬನ್ನು 22 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. 100 ಗ್ರಾಂ ಮುರುಕಲು ತಿಂದರೆ ಬೆಳಗಿನ ಟೀ ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತಿತ್ತು. ಅದೇ ಚಕ್ಕಲಿ ಶೇಂಗಾ ಎಣ್ಣೆಯದಾದರೆ 6 ಗ್ರಾಂ, ಸೂರ್ಯಕಾಂತಿಯದಾದರೆ ಮೂರಕ್ಕಿಂತ ಸ್ವಲ್ಪ ಹೆಚ್ಚು.

ಮೂವರ ಕೊಲೆಸ್ಟ್ರಾಲ್‌ಗೆ ಪಾಮೋಲಿನ್ ಒಂದೇ ಕಾರಣ ಅಂತ ನಾನು ಹೇಳಲಾರೆ. ವಂಶ, ವಯಸ್ಸು, ಉಳಿದ ಊಟ ಎಲ್ಲ ಸೇರುತ್ತದೆ. ಆದರೆ ತಾಳೆ ಎಣ್ಣೆಯಲ್ಲಿ ಹೆಚ್ಚಾಗಿರುವ ಪಾಮಿಟಿಕ್ ಆಮ್ಲ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಏರಿಸುತ್ತದೆ ಅನ್ನುವುದು ಗೊತ್ತಿರುವ ವಿಷಯ. ಡಾಲ್ಡಾದಲ್ಲಿ ಇರುತ್ತಿದ್ದ ಟ್ರಾನ್ಸ್ ಕೊಬ್ಬಿನಷ್ಟು ಕೆಟ್ಟದ್ದಲ್ಲ, ನಿಜ. ಟ್ರಾನ್ಸ್ ಕೊಬ್ಬು ಶೇ. 2 ದಾಟಬಾರದೆಂಬ ಮಿತಿ 2022ರ ಜನವರಿಯಿಂದ ನಮ್ಮ ದೇಶದಲ್ಲೇ ಬಂದಿದೆ. ಹಾಗಂತ ಪಾಮೋಲಿನ್ ಹೃದಯಕ್ಕೆ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಎಣ್ಣೆಯ ಬಣ್ಣ. ಬಾಣಲೆಯಲ್ಲಿದ್ದದ್ದು ಕಾಫಿ ಡಿಕಾಕ್ಷನ್ ಥರ ಕಾಣುತ್ತಿತ್ತು. ಕೇಳಿದರೆ, ಎಣ್ಣೆಯನ್ನು ಪೂರ್ತಿ ಬದಲಾಯಿಸುವ ಪದ್ಧತಿಯೇ ಇರಲಿಲ್ಲ. ಕಡಿಮೆಯಾದಷ್ಟು ಹೊಸದು ಸುರಿಯುವುದು, ವಾರಕ್ಕೊಮ್ಮೆ ತಳದ ಮಡ್ಡಿ ಸೋಸುವುದು. ತೀರಾ ಕಪ್ಪಾದದ್ದನ್ನು ಬಸ್ ನಿಲ್ದಾಣದ ಹತ್ತಿರದ ಒಂದು ಬಜ್ಜಿ ಗಾಡಿಗೆ ಅರ್ಧ ಬೆಲೆಗೆ ಕೊಡುವುದು. ಈ ಕೊನೆಯ ಮಾತನ್ನು ಲೆಕ್ಕದಕ್ಕ ತಗ್ಗಿದ ದನಿಯಲ್ಲಿ ಹೇಳಿದರು. ಅದು ತಪ್ಪು ಅನ್ನುವುದು ಅವರಿಗೆ ನಾನು ಹೇಳುವ ಮೊದಲೇ ಗೊತ್ತಿತ್ತು.

ಮೊದಲ ತೀರ್ಮಾನ, ನನ್ನ ತಪ್ಪು

"ಯಾವ ಎಣ್ಣೆ ಒಳ್ಳೇದು ಹೇಳಿಬಿಡಿ ಮೇಡಂ, ನಾಳೆಯಿಂದ ಅದನ್ನೇ ಹಾಕ್ತೀವಿ" ಅಂದರು ದೊಡ್ಡಕ್ಕ.

ನಾನು ಸೂರ್ಯಕಾಂತಿ ಅಂದೆ. ಆ ವರ್ಷ ಸೂರ್ಯಕಾಂತಿಯ ಬೆಲೆ ಇಳಿದಿತ್ತು. ಹಿಂದಿನ ವರ್ಷ ಉಕ್ರೇನ್ ಯುದ್ಧದಿಂದ ಗಗನಕ್ಕೇರಿದ್ದು ಈಗ ಟಿನ್ನಿಗೆ 1,650ಕ್ಕೆ ಬಂದಿತ್ತು. ಸ್ಯಾಚುರೇಟೆಡ್ ಕೊಬ್ಬು ಶೇ. 11. ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕೂತಿತ್ತು.

ಗೌರಿ ಗಣೇಶ ಹಬ್ಬಕ್ಕೆ ಮುಂಚೆ 300 ಪೊಟ್ಟಣ ಚಕ್ಕಲಿಯನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದರು. ಬಣ್ಣ ಚಂದ, ಬಾಯಲ್ಲಿ ಹಗುರ. ಎಲ್ಲರಿಗೂ ಖುಷಿ. ಅಕ್ಟೋಬರ್ ಕೊನೆಗೆ ಅಂಗಡಿಗಳಿಂದ ಫೋನ್ ಶುರುವಾಯಿತು. ಪೊಟ್ಟಣ ಬಿಚ್ಚಿದರೆ ಕಮಟು ವಾಸನೆ. 110 ಪೊಟ್ಟಣ ವಾಪಸ್ ಬಂತು. ಎರಡು ಅಂಗಡಿಯವರು ಇನ್ನು ಬೇಡ ಅಂದರು. ಆರು ಜನರ ಒಂದು ವಾರದ ಕೂಲಿ ಅದರಲ್ಲಿ ಹೋಯಿತು.

ವಾಪಸ್ ಬಂದ ಪೊಟ್ಟಣಗಳನ್ನು ಹಾಸಿಕೊಂಡು ಕೂತೆವು. ಬಾಣಲೆಯ ಅಂಚನ್ನೂ ನೋಡಿದೆ. ಒಣಗಿದ ಗೋಂದಿನ ಹಾಗೆ ಅಂಟು ಕಟ್ಟಿತ್ತು. ಉಗುರಲ್ಲಿ ಕೆರೆದರೂ ಬರುತ್ತಿರಲಿಲ್ಲ. ಪಾಮೋಲಿನ್ ಇದ್ದಾಗ ಹೀಗೆ ಆಗುತ್ತಿರಲಿಲ್ಲ ಅಂದರು.

ಕಾರಣ ಎಣ್ಣೆಯ ಸ್ವಭಾವದಲ್ಲೇ ಇದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ. ಹೃದಯಕ್ಕೆ ಒಳ್ಳೆಯದಾದ ಇದೇ ಆಮ್ಲ ಗಾಳಿ, ಬೆಳಕು, ಕಾವಿಗೆ ಬೇಗ ಕೆಡುತ್ತದೆ. ಪಾಮೋಲಿನ್‌ನಲ್ಲಿ ಅದು ಶೇ. 10-12 ಅಷ್ಟೇ. ಹಾಗಾಗಿ ಮತ್ತೆ ಮತ್ತೆ ಕಾಯಿಸಿದರೂ ತಾಳಿಕೊಳ್ಳುತ್ತದೆ, ತಿಂಡಿ ಮೂರು ತಿಂಗಳು ಬರುತ್ತದೆ. ನಮ್ಮ ಪೊಟ್ಟಣಗಳೋ, ಪಾರದರ್ಶಕ ಕವರು. ಅಂಗಡಿ ಮುಂದೆ ಬಿಸಿಲಿಗೆ ನೇತುಬಿದ್ದಿರುತ್ತಿದ್ದವು.

ನನಗೆ ಅವತ್ತು ಅರ್ಥವಾಯಿತು. ಅಗ್ಗದ ಬೆಲೆ ತಾಳೆ ಎಣ್ಣೆಯ ಒಂದು ಗುಣ ಮಾತ್ರ. ಅದು ಈ ಘಟಕದಲ್ಲಿ ಸದ್ದಿಲ್ಲದೆ ಇನ್ನೂ ಮೂರು ಕೆಲಸ ಮಾಡುತ್ತಿತ್ತು. ಹಳೆಯ ಎಣ್ಣೆಯ ದುರಭ್ಯಾಸವನ್ನು ಮುಚ್ಚುತ್ತಿತ್ತು. ಕಳಪೆ ಕವರಿನ ಕೊರತೆ ತುಂಬುತ್ತಿತ್ತು. ಮಾಲು ನಿಧಾನವಾಗಿ ಖರ್ಚಾಗುವ ಅಂಗಡಿಗೂ ಒಗ್ಗುತ್ತಿತ್ತು. ಎಣ್ಣೆ ಬಿಡಬೇಕಾದರೆ ಈ ಮೂರನ್ನೂ ಬೇರೆ ರೀತಿ ಮಾಡಬೇಕಿತ್ತು. ಇದನ್ನು ಯೋಚಿಸದೆ ಎಣ್ಣೆಯ ಹೆಸರನ್ನಷ್ಟೇ ಬದಲಿಸಿ ಅಂದದ್ದು ನನ್ನ ತಪ್ಪು. ಅದರ ನಷ್ಟ ಬಿದ್ದದ್ದು ಅವರ ಮೇಲೆ. ಮುಂದಿನ ತರಬೇತಿಯ ಶುಲ್ಕ ನಾನು ತೆಗೆದುಕೊಳ್ಳಲಿಲ್ಲ.

ನೆಲದ ಮೇಲೆ ಹರಡಿದ ಪೊಟ್ಟಣಗಳು

ದೀಪಾವಳಿ ಮುಗಿದ ಮೇಲೆ ಸಂಘ ಮತ್ತೆ ಪಾಮೋಲಿನ್‌ಗೆ ಮರಳಿತ್ತು. ವಿಷಯ ಅಲ್ಲಿಗೇ ನಿಂತುಬಿಡುತ್ತಿತ್ತೋ ಏನೋ. ತಿರುವು ಕೊಟ್ಟದ್ದು ಲೆಕ್ಕದಕ್ಕನ ಮಗಳು. ಬಿ.ಎಸ್ಸಿ. ಓದುವ ಹುಡುಗಿ. ಕಾಲೇಜಿನಲ್ಲಿ ಇಂಡೋನೇಷ್ಯಾದ ಕಾಡಿನ ಬೆಂಕಿಯ ಬಗ್ಗೆ ಒಂದು ವಿಡಿಯೋ ನೋಡಿ ಬಂದಿದ್ದಳು. "ಅಮ್ಮ, ನಿಮ್ಮ ಚಕ್ಕಲಿಗೂ ಆ ಬೆಂಕಿಗೂ ಸಂಬಂಧ ಇದೆಯಂತೆ" ಅಂದಳಂತೆ.

ನಾನು ಹೋದ ದಿನ ಆಕೆ ತಮ್ಮ ಮನೆಯ ಮತ್ತು ಪಕ್ಕದ ಕಿರಾಣಿ ಅಂಗಡಿಯ ಸಾಮಾನುಗಳನ್ನು ನೆಲದ ಮೇಲೆ ಹರಡಿದ್ದಳು. ಕ್ರೀಮ್ ಬಿಸ್ಕತ್ತು, ಇನ್‌ಸ್ಟಂಟ್ ನೂಡಲ್ಸ್, ರಸ್ಕ್, ಬನ್, ಚಿಪ್ಸ್, ಸೋಪು, ಶಾಂಪೂ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದೆವು. ಬಿಸ್ಕತ್ತಿನಲ್ಲಿ ತಾಳೆ ಎಣ್ಣೆ. ನೂಡಲ್ಸ್‌ನಲ್ಲಿ ತಾಳೆ ಎಣ್ಣೆ. ಐಸ್‌ಕ್ರೀಮ್ ಅಂದುಕೊಂಡಿದ್ದ ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಅಂತ ಇತ್ತು. ಹಾಲಿನ ಕೊಬ್ಬಿನ ಬದಲು ಅದರಲ್ಲೂ ಇದೇ ಜಾತಿಯ ಕೊಬ್ಬು. ಸೋಪಿನಲ್ಲಿ ಸೋಡಿಯಂ ಪಾಲ್ಮೇಟ್, ಅದೂ ತಾಳೆ ಎಣ್ಣೆಯಿಂದ ಆದದ್ದೇ. ಬ್ರೆಡ್ಡಿನಲ್ಲಿ 471 ಅನ್ನುವ ಒಂದು ಸಂಖ್ಯೆ. ಆ 471 ಅನ್ನುವುದು ಬ್ರೆಡ್ಡು ಮೆತ್ತಗಿರಲು ಹಾಕುವ ಪದಾರ್ಥ. ಅದನ್ನು ಎಷ್ಟೋ ಸಲ ತಾಳೆ ಎಣ್ಣೆಯಿಂದಲೇ ಮಾಡುತ್ತಾರೆ.

ಕೊನೆಗೆ ಸಂಘದ ಚಕ್ಕಲಿ ಪೊಟ್ಟಣ ಕೈಗೆ ಬಂತು. ಅದರ ಮೇಲೆ ಬರೀ "ಖಾದ್ಯ ಎಣ್ಣೆ" ಅಂತ ಇತ್ತು. ಯಾವ ಎಣ್ಣೆ ಅನ್ನುವುದನ್ನು ಬರೆಯಬೇಕು ಅನ್ನುವುದು ನಿಯಮ. ದೊಡ್ಡ ಕಂಪನಿಗಳ ಪೊಟ್ಟಣದಲ್ಲಿ ಸಣ್ಣ ಅಕ್ಷರದಲ್ಲಾದರೂ ಇತ್ತು. ಇವರದರಲ್ಲಿ ಇರಲಿಲ್ಲ. ಯಾರೂ ಮಾತಾಡಲಿಲ್ಲ. ದೊಡ್ಡಕ್ಕ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಬೆಂಕಿಯ ಪ್ರಶ್ನೆಗೆ ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂಟನ್‌ನಲ್ಲಿ ಜೌಗು ಕಾಡುಗಳಿವೆ. ಅಲ್ಲಿ ನೆಲ ಅಂದರೆ ಸಾವಿರಾರು ವರ್ಷದಿಂದ ಕೊಳೆತೂ ಕೊಳೆಯದ ಗಿಡಮರದ ರಾಶಿ, ಎಷ್ಟೋ ಕಡೆ ಹಲವು ಮೀಟರ್ ಆಳ. ತಾಳೆ ನೆಡಲು ಕಾಲುವೆ ತೋಡಿ ನೀರು ಬಸಿದರೆ ಅದು ಒಣಗುತ್ತದೆ. ಬೆಂಕಿ ಬಿದ್ದರೆ ನೆಲವೇ ಒಳಗೊಳಗೆ ಉರಿಯುತ್ತದೆ. ವಾರಗಟ್ಟಲೆ ಆರುವುದಿಲ್ಲ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಅಷ್ಟೂ ತಾಳೆಗಾಗಿ ಅಲ್ಲ. ಕಾಗದದ ಮರದ ತೋಟ, ಸಣ್ಣ ರೈತರ ಬೆಂಕಿ, ಆ ವರ್ಷದ ಎಲ್ ನಿನೋ ಬರ ಎಲ್ಲ ಸೇರಿತ್ತು. ಹೊಗೆ ಸಿಂಗಾಪುರ, ಮಲೇಷ್ಯಾದವರೆಗೂ ಹೋಗಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಕಾಲಿಮಂಟನ್ ಇರುವ ಬೋರ್ನಿಯೋ ದ್ವೀಪದ ಒರಾಂಗುಟಾನ್ ಅನ್ನುವ ವಾನರ 2016ರಲ್ಲಿ ಅಳಿವಿನ ತೀರಾ ಅಂಚಿನ ಪ್ರಾಣಿಗಳ ಪಟ್ಟಿ ಸೇರಿತು.

"ಹಾಗಾದ್ರೆ ತಾಳೆ ಮರಾನೇ ಕೆಟ್ಟದ್ದಾ ಮೇಡಂ?" ಹುಡುಗಿ ಕೇಳಿದಳು.

ಒಳ್ಳೆಯ ಪ್ರಶ್ನೆ. ಒಂದು ಹೆಕ್ಟೇರ್ ತಾಳೆ ವರ್ಷಕ್ಕೆ ಮೂರರಿಂದ ನಾಲ್ಕು ಟನ್ ಎಣ್ಣೆ ಕೊಡುತ್ತದೆ. ನಮ್ಮ ಮಳೆ ಆಶ್ರಯದ ಶೇಂಗಾ ಹೊಲ ಅದರ ಹತ್ತನೇ ಒಂದು ಭಾಗ ಕೊಟ್ಟರೆ ಹೆಚ್ಚು. ಇಡೀ ಪ್ರಪಂಚ ತಾಳೆ ಬಿಟ್ಟು ಬೇರೆ ಎಣ್ಣೆಗೆ ಹೋದರೆ ಒಂಬತ್ತು ಪಟ್ಟು ಜಾಗ ಬೇಕಾಗಬಹುದು ಅಂತ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2018ರಲ್ಲೇ ಎಚ್ಚರಿಸಿದೆ. ಹಾಗಾಗಿ ಮರದ ಮೇಲೆ ದೂರು ಹಾಕಲಾಗುವುದಿಲ್ಲ. ಅದನ್ನು ಎಲ್ಲಿ ನೆಡುತ್ತಾರೆ, ಏನನ್ನು ಕಡಿದು ನೆಡುತ್ತಾರೆ ಅನ್ನುವುದೇ ಮುಖ್ಯ. ಕಾಡು ಕಡಿಯದೆ ಬೆಳೆದದ್ದು ಅನ್ನುವ ಪ್ರಮಾಣಪತ್ರವೂ ಇದೆ. ಪ್ರಪಂಚದ ತಾಳೆ ಎಣ್ಣೆಯಲ್ಲಿ ಐದನೇ ಒಂದು ಭಾಗಕ್ಕೆ ಅದು ಸಿಕ್ಕಿದೆ. ಆದರೆ ನಮ್ಮ ಊರಿನ ಮಂಡಿಗೆ ಬರುವ 15 ಕಿಲೋ ಟಿನ್ನಿನ ಮೇಲೆ ಅಂಥ ಗುರುತು ನಾನು ಒಮ್ಮೆಯೂ ನೋಡಿಲ್ಲ. ನಮ್ಮ ದೇಶದಲ್ಲೇ ಬೆಳೆಯೋಣ ಅಂತ 2021ರಲ್ಲಿ ಸರ್ಕಾರ 11,040 ಕೋಟಿ ರೂಪಾಯಿಯ ಮಿಷನ್ ಶುರು ಮಾಡಿತು. ಈ ಬಯಲು ಸೀಮೆಯಲ್ಲಿ ಅದು ಸುಲಭವಲ್ಲ. ಬೇಸಿಗೆಯಲ್ಲಿ ಒಂದು ತಾಳೆ ಮರಕ್ಕೆ ದಿನಕ್ಕೆ 200 ಲೀಟರ್‌ಗೂ ಹೆಚ್ಚು ನೀರು ಬೇಕು. ಇಲ್ಲಿ ಬೋರ್‌ವೆಲ್ ಸಾವಿರ ಅಡಿ ಹೋದರೂ ಧೂಳು.

ಲೆಕ್ಕದಕ್ಕ ಒಂದು ಮಾತು ಹೇಳಿದರು. "ಪ್ರಪಂಚದ್ದು ನಮಗೆ ಗೊತ್ತಿಲ್ಲ. ಪಕ್ಕದ ಹೊಲದಲ್ಲಿ ಶೇಂಗಾ ಇದೆ. ಅದು ಕಾಡು ಕಡಿದು ಬೆಳೆದದ್ದಲ್ಲ. ಅದನ್ನು ಯಾಕೆ ಬಿಟ್ಟಿದ್ದೀವಿ?"

ಐದು ರೂಪಾಯಿಯ ಲೆಕ್ಕ

ಶೇಂಗಾ ಎಣ್ಣೆ ದುಬಾರಿ ಅನ್ನುವ ಮಾತನ್ನು ಎಲ್ಲರೂ ಒಪ್ಪಿಬಿಟ್ಟಿದ್ದರು. ಟಿನ್ನಿಗೆ ಟಿನ್ ಹೋಲಿಸಿದರೆ ಎದೆ ಧಸಕ್ಕೆನ್ನುತ್ತದೆ. 1,450 ಎಲ್ಲಿ, 2,700 ಎಲ್ಲಿ? ಆದರೆ ಗಿರಾಕಿ ಟಿನ್ ಕೊಳ್ಳುವುದಿಲ್ಲ ಅಲ್ವಾ? 200 ಗ್ರಾಂ ಪೊಟ್ಟಣ ಕೊಳ್ಳುತ್ತಾನೆ. ಅದರಲ್ಲಿ ಎಣ್ಣೆ 60 ಗ್ರಾಂ. ಪಾಮೋಲಿನ್ ಆದರೆ ಸುಮಾರು 6 ರೂಪಾಯಿ. ಶೇಂಗಾ ಆದರೆ ಸುಮಾರು 11. ವ್ಯತ್ಯಾಸ 5 ರೂಪಾಯಿ.

ಲೆಕ್ಕದಕ್ಕ ಇದನ್ನು ಮೂರು ಸಲ ಬರೆದು ನೋಡಿದರು. ಹನ್ನೆರಡು ವರ್ಷದಿಂದ ಹೆದರಿಸಿದ್ದ ಅಂತರ ಒಂದು ಟೀಗಿಂತ ಕಡಿಮೆ.

ಈ ಸಲ ಅವಸರ ಮಾಡಲಿಲ್ಲ. 2024ರ ಸಂಕ್ರಾಂತಿಯಿಂದ ಯುಗಾದಿವರೆಗೆ ಬರೀ ಕರಿಯುವ ಕ್ರಮ ಸರಿಮಾಡಿದೆವು. ಎಣ್ಣೆ ಇನ್ನೂ ಪಾಮೋಲಿನ್ನೇ. ಒಂದು ಥರ್ಮಾಮೀಟರ್ ತಂದೆವು. ಕಾವು 170ರಿಂದ 180 ಡಿಗ್ರಿ ಒಳಗೆ. ಬಾಣಲೆಗೆ ಒಮ್ಮೆಗೆ ಹದಿನೈದು ಚಕ್ಕಲಿ ಒತ್ತುತ್ತಿದ್ದವರು ಹತ್ತಕ್ಕೆ ಇಳಿದರು. ಜಾಸ್ತಿ ಹಾಕಿದರೆ ಕಾವು ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ತೆಗೆದ ಮೇಲೆ ಜಾಲರಿಯಲ್ಲೇ ಎರಡು ನಿಮಿಷ ಬಿಡುವುದು. ದಿನಾ ಸಂಜೆ ಬಟ್ಟೆಯಲ್ಲಿ ಸೋಸುವುದು. ಎಣ್ಣೆ ಕೆಟ್ಟಿದೆಯಾ ನೋಡಲು ಬಣ್ಣ ಬದಲಾಗುವ ಪಟ್ಟಿ ತರಿಸಿದೆವು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಬಾರದು ಅನ್ನುವ ನಿಯಮ 2018ರ ಜುಲೈನಿಂದ ಇದೆ. ಮೊದಲ ಪಟ್ಟಿ ಅದ್ದಿದಾಗ ಮಿತಿ ದಾಟಿತ್ತು.

ಬರೀ ಇಷ್ಟಕ್ಕೇ ತಿಂಗಳಿಗೆ ಒಂದೂವರೆ ಟಿನ್ ಉಳಿಯಿತು. ನನ್ನನ್ನು ಕೇಳಿದರೆ ಈ ಇಡೀ ಪ್ರಕರಣದಲ್ಲಿ ಆರೋಗ್ಯಕ್ಕೆ ಅತಿ ಹೆಚ್ಚು ಲಾಭ ಆದದ್ದು ಈ ಸುಮಾರು ಮೂರು ತಿಂಗಳಲ್ಲಿ. ಆಗ ಎಣ್ಣೆ ಬದಲಾಗಿರಲೇ ಇಲ್ಲ.

ಬಜ್ಜಿ ಗಾಡಿಯ ವಿಷಯದಲ್ಲಿ ಜಗಳವೇ ಆಯಿತು. ಹಳೆ ಎಣ್ಣೆಯಿಂದ ತಿಂಗಳಿಗೆ ಬರುತ್ತಿದ್ದ ಸಾವಿರ ರೂಪಾಯಿಯಲ್ಲಿ ಸೌದೆ ಖರ್ಚು ಕಳೆಯುತ್ತಿತ್ತು. ಇಬ್ಬರು ಸದಸ್ಯರು ಬಿಡಲು ಒಪ್ಪಲಿಲ್ಲ. ಆಗ ಆ 38 ವರ್ಷದ ಹೆಂಗಸು ಎದ್ದು ನಿಂತು, "ನನ್ನ ಮಗ ಟ್ಯೂಷನ್‌ನಿಂದ ಬರುವಾಗ ಆ ಗಾಡೀಲೇ ಬಜ್ಜಿ ತಿಂತಾನೆ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಹಳೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರು ಸಣ್ಣ ಪ್ರಮಾಣಕ್ಕೆ ಬರುವುದಿಲ್ಲ. ಊರಿನ ಮೂರು ಹೋಟೆಲ್‌ನವರನ್ನು ಒಪ್ಪಿಸಿ ಎಲ್ಲರದ್ದೂ ಒಂದೇ ಡ್ರಮ್ಮಿಗೆ ಸೇರಿಸಿದ ಮೇಲೆ ತಿಂಗಳಿಗೊಮ್ಮೆ ಗಾಡಿ ಬರಲು ಶುರುವಾಯಿತು. ಸಿಗುವುದು ಮೊದಲಿಗಿಂತ ಕಡಿಮೆ ದುಡ್ಡು.

ಯುಗಾದಿ ಹೊತ್ತಿಗೆ ಚಕ್ಕಲಿ, ಕೋಡುಬಳೆ, ನಿಪ್ಪಟ್ಟು ಶೇಂಗಾ ಎಣ್ಣೆಗೆ ಬಂದವು. ಶೇಂಗಾದಲ್ಲೂ ಲಿನೋಲಿಕ್ ಇದೆ, ಆದರೆ ಸೂರ್ಯಕಾಂತಿಯ ಅರ್ಧದಷ್ಟು. ಒಳಗೆ ಬೆಳ್ಳಿ ಬಣ್ಣದ ಪದರ ಇರುವ, ಬೆಳಕು ಬಿಡದ ಕವರು ತರಿಸಿದೆವು. ಬಾಳಿಕೆ 90 ದಿನದಿಂದ 35 ದಿನಕ್ಕೆ ಇಳಿಸಿ ಮುದ್ರಿಸಿದೆವು. 50 ರೂಪಾಯಿ ಪೊಟ್ಟಣ 60 ಆಯಿತು.

ಹೆಸರು ಬರೆಯುವ ಪ್ರಶ್ನೆ ಬಂದಾಗ ನಾನು ಸುಮ್ನೆ ಕೂತೆ. ಶೇಂಗಾ ಎಣ್ಣೆ ಅಂತ ದೊಡ್ಡದಾಗಿ ಬರೆಯಲು ಎಲ್ಲರೂ ಸಿದ್ಧ. ಆದರೆ ಮಿಕ್ಸ್ಚರ್ ಇನ್ನೂ ಪಾಮೋಲಿನ್‌ನಲ್ಲೇ ಇತ್ತು. ಅದರ ಮೇಲೆ ಏನು ಬರೆಯುವುದು? ದೊಡ್ಡಕ್ಕ ಮುದ್ರಣದವರಿಗೆ ಕೊಟ್ಟ ಚೀಟಿ ನನ್ನ ಹತ್ತಿರ ಇದೆ. "ಎರಡಕ್ಕೂ ಅಕ್ಷರ ಒಂದೇ ಅಳತೆ ಇರಲಿ."

ಹತ್ತು ರೂಪಾಯಿ ಪೊಟ್ಟಣ

ಮೊದಲ ಎರಡು ತಿಂಗಳು ಚಕ್ಕಲಿ ವ್ಯಾಪಾರ ಕಾಲುಭಾಗ ಇಳಿಯಿತು. ನಾಲ್ಕು ಅಂಗಡಿ ಬಿಟ್ಟವು. 35 ದಿನದ ಮಾಲು ಇಟ್ಟುಕೊಳ್ಳಲು ಅವರಿಗೆ ಆಗುವುದಿಲ್ಲ. ಉಳಿದ ಕಡೆ ಹದಿನೈದು ದಿನಕ್ಕೊಮ್ಮೆ ಬದಲು ವಾರಕ್ಕೊಮ್ಮೆ ಮಾಲು ಕೊಡಬೇಕಾಯಿತು. ಅದಕ್ಕೆ ಒಂದು ಹಳೆ ಸ್ಕೂಟರ್ ಕೊಂಡರು. ಆಗಸ್ಟ್ ಹೊತ್ತಿಗೆ ಹಳೆಯ ಮಟ್ಟಕ್ಕೆ ಬಂತು. ಮದುವೆ ಮನೆಗಳಿಂದ ಕೇಳಿಕೊಂಡು ಬರುವವರು ಹೆಚ್ಚಾದರು. ಚಳಿಗಾಲದಲ್ಲಿ ಪಾಮೋಲಿನ್ ತಿಂಡಿ ತಿಂದರೆ ಅಂಗುಳಿಗೆ ಮೇಣ ಮೆತ್ತಿದ ಹಾಗಾಗುತ್ತದಲ್ಲ, ಅದು ಇದರಲ್ಲಿ ಇಲ್ಲ ಅಂತ ವಯಸ್ಸಾದವರು ಹೇಳುತ್ತಿದ್ದರು.

ಕಷ್ಟವಾದದ್ದು ಮಿಕ್ಸ್ಚರ್. ಅದು ಹೋಗುವುದು 10 ರೂಪಾಯಿ ಪೊಟ್ಟಣದಲ್ಲಿ. ಕೊಳ್ಳುವವರು ಶಾಲೆ ಮಕ್ಕಳು, ಕೂಲಿಗೆ ಹೋಗುವವರು. ಅಲ್ಲಿ ಬೆಲೆ ಹನ್ನೊಂದು ಮಾಡಲಾಗುವುದಿಲ್ಲ. ಒಂದು ಪೊಟ್ಟಣಕ್ಕೆ ಉಳಿಯುವುದೇ ಒಂದು ರೂಪಾಯಿ ಒಳಗೆ. ಎಣ್ಣೆ ಬದಲಿಸಿದರೆ ಮುಕ್ಕಾಲು ರೂಪಾಯಿ ಹೋಗುತ್ತದೆ. ತಾಳೆ ಎಣ್ಣೆಯ ನಿಜವಾದ ಹಿಡಿತ ಇರುವುದು ಇಲ್ಲಿ, ಕೈಯಲ್ಲಿ ಹತ್ತು ರೂಪಾಯಿ ಇರುವವರ ಹಸಿವಿನಲ್ಲಿ. 60 ರೂಪಾಯಿ ಕೊಡಬಲ್ಲವರಿಗೆ ಒಳ್ಳೆಯ ಎಣ್ಣೆ, ಮಕ್ಕಳಿಗೆ ಪಾಮೋಲಿನ್ ಅನ್ನುವುದು ದೊಡ್ಡಕ್ಕನಿಗೆ ನಿದ್ದೆ ಕೊಡುತ್ತಿರಲಿಲ್ಲ. ನನಗೂ ಅಷ್ಟೇ.

2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿತು. ಸಂಸ್ಕರಿಸಿದ ಎಣ್ಣೆಯ ಮೇಲೆ ಒಟ್ಟು ಶೇ. 13.75 ಇದ್ದದ್ದು 35.75 ಆಯಿತು. ಅದೇ ಹೊತ್ತಿಗೆ ಹೊರದೇಶದಲ್ಲೂ ತಾಳೆ ಎಣ್ಣೆ ಏರಿತು. ದೀಪಾವಳಿಗೆ ಟಿನ್ 2,000 ದಾಟಿತು. ಹಾದಿಬೀದಿಯ ತಿಂಡಿ ಮಾಡುವವರೆಲ್ಲ ಕಂಗಾಲು. 2022ರಲ್ಲೂ ಹೀಗೇ ಆಗಿತ್ತು. ಇಂಡೋನೇಷ್ಯಾ ಏಪ್ರಿಲ್ 28ರಿಂದ ಮೂರು ವಾರಕ್ಕೂ ಹೆಚ್ಚು ಕಾಲ ರಫ್ತು ನಿಲ್ಲಿಸಿದಾಗ ಈ ಸಂಘ ಹತ್ತು ದಿನ ಒಲೆಯನ್ನೇ ಹಚ್ಚಿರಲಿಲ್ಲ. ಈ ಸಲ ಹಾಗಾಗಲಿಲ್ಲ. ಮೂರು ತಿಂಡಿ ಶೇಂಗಾದಲ್ಲಿದ್ದವು. ಶೇಂಗಾ ಬೆಲೆ ಅಷ್ಟೇನೂ ಅಲುಗಾಡಲಿಲ್ಲ. ಮಿಕ್ಸ್ಚರ್ ಮಾತ್ರ ಎರಡು ತಿಂಗಳು ನಿಲ್ಲಿಸಿದರು. ತೂಕ ಇಳಿಸಿ ಅದೇ ಬೆಲೆಗೆ ಮಾರೋಣ ಅಂತ ನಾನೇ ಸೂಚಿಸಿದ್ದೆ. ಅವರು ಬೇಡ ಅಂದರು.

ಈಗ ಸಂಘಕ್ಕೆ ತಿಂಗಳಿಗೆ ಬರುವ ಪಾಮೋಲಿನ್ ಐದು ಟಿನ್. ಹದಿನೈದರಿಂದ ಐದು. ಬೆಳಗಿನ ಮುರುಕಲಿನ ಡಬರಿ ಇನ್ನೂ ಇದೆ. ಆದರೆ ಅದಕ್ಕೆ ಮುಂಚೆ ಎಲ್ಲರಿಗೂ ಉಪ್ಪಿಟ್ಟೋ ರಾಗಿ ಅಂಬಲಿಯೋ ಆಗುತ್ತದೆ. ಸರದಿ ಮೇಲೆ ಒಬ್ಬೊಬ್ಬರು ಮಾಡುತ್ತಾರೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಮೂವರಲ್ಲಿ ಇಬ್ಬರಿಗೆ ಇಳಿದಿದೆ. ಒಬ್ಬರಿಗೆ ಮಾತ್ರೆ ಮುಂದುವರಿದಿದೆ. ಎಣ್ಣೆಯಿಂದ ಎಷ್ಟು, ಬೆಳಗಿನ ಉಪ್ಪಿಟ್ಟಿನಿಂದ ಎಷ್ಟು ಅಂತ ಬೇರೆ ಮಾಡಿ ಹೇಳುವುದು ಸರಿಯಾಗದು.

ಇಂಥದೇ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ ಇಷ್ಟು ಹೇಳುತ್ತೇನೆ. ಮೊದಲು ಹಳೆಯ ಎಣ್ಣೆಗೆ ಹೊಸದು ಸುರಿಯುವುದನ್ನು ನಿಲ್ಲಿಸಿ. ಆಮೇಲೆ ಕವರು, ಬಾಳಿಕೆ, ಮಾಲು ಹೋಗುವ ದಾರಿ ನೋಡಿಕೊಳ್ಳಿ. ಎಣ್ಣೆ ಬದಲಿಸುವುದು ಕೊನೆಗೆ. ಲೆಕ್ಕವನ್ನು ಟಿನ್ನಿಗೆ ಹಾಕಬೇಡಿ, ಪೊಟ್ಟಣಕ್ಕೆ ಹಾಕಿ.

ಹೋದ ಸಲ ಹೋದಾಗ ಒಲೆಯ ಮೇಲೆ ಹೊಸದೊಂದು ನಡೆಯುತ್ತಿತ್ತು. ಹತ್ತು ರೂಪಾಯಿ ಪೊಟ್ಟಣಕ್ಕೆ ಮಿಕ್ಸ್ಚರ್ ಬದಲು ಖಾರದ ಮಂಡಕ್ಕಿ. ದಾವಣಗೆರೆಯಿಂದ ಮೂಟೆ ತರಿಸಿದ್ದರು. ಮಂಡಕ್ಕಿಯನ್ನು ಕರಿಯಬೇಕಿಲ್ಲ. ಶೇಂಗಾ ಎಣ್ಣೆಯ ಒಗ್ಗರಣೆ, ಅರಿಶಿನ, ಬೆಳ್ಳುಳ್ಳಿ, ಹುರಿಗಡಲೆ, ಕರಿಬೇವು. ಒಂದು ಪೊಟ್ಟಣಕ್ಕೆ ಎರಡು ಗ್ರಾಂ ಎಣ್ಣೆ ಸಾಕು. ಬೆಲೆ ಹೊಂದುತ್ತದೆ. ತೊಂದರೆ ಒಂದೇ, ಒಂಬತ್ತನೇ ದಿನಕ್ಕೆ ಮೆತ್ತಗಾಗುತ್ತಿದೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಲೆಕ್ಕದಕ್ಕನ ಮಗಳು ದಿನಾಂಕ ಹಾಕಿ ಗುರುತು ಮಾಡುತ್ತಿದ್ದಾಳೆ. ಹುರಿದದ್ದು, ಬಿಸಿಲಿಗೆ ಹಾಕಿದ್ದು, ಎರಡು ಕವರು ಹಾಕಿದ್ದು ಅಂತ ಮೂರು ಸಾಲು. ನಾನು ಹೊರಡುವಾಗ ದೊಡ್ಡಕ್ಕ ಮೂರರಿಂದಲೂ ಒಂದೊಂದು ಹಿಡಿ ಕೈಗೆ ಹಾಕಿ, "ಯಾವುದು ಗರಿಗರಿ ಇದೆ, ಕಣ್ಣು ಮುಚ್ಚಿಕೊಂಡು ಹೇಳಿ" ಅಂದರು. ನಾನು ಎರಡನೆಯದು ಅಂದೆ. ಹುಡುಗಿ ಹಾಳೆಯಲ್ಲಿ ಬರೆದುಕೊಂಡಳು.